ಬಾನೆಟ್ಟಿನ ಮೇಲೆ ಕೂರಿಸಿದವನು

ಅವತ್ತು ನಿಮ್ಮ ಗಂಡ ಕುಡಿದಿರಲಿಲ್ಲ, ಜಯಮ್ಮ. ಒಂದು ತೊಟ್ಟೂ ಕುಡಿದಿರಲಿಲ್ಲ. ಕುಡಿದಿದ್ದವನು ನಾನು. ಅವನ ಬಾಯಿಗೂ ಅಂಗಿಗೂ ಬ್ರಾಂದಿ ಸುರಿದವನು ನಾನು. ಆಮೇಲೆ ನಾಗಮಂಗಲದ ಆಸ್ಪತ್ರೆ ಬಾಗಿಲಲ್ಲಿ ನಿಮ್ಮೆದುರು ನಿಂತು, "ಕುಡ್ದಿದ್ದ ಕಣವ್ವ, ನಾನು ಬ್ಯಾಡ ಅಂದೆ, ಕೇಳ್ನಿಲ್ಲ" ಎಂದು ತಲೆ ತಗ್ಗಿಸಿದವನೂ ನಾನೇ.

ಇದನ್ನು ಬರೆಯುತ್ತಿರುವುದು ಧೈರ್ಯದಿಂದಲ್ಲ. ಎದುರಿಗೆ ಬಂದು ನಿಂತರೆ ನನ್ನ ನಾಲಿಗೆ ಅಲ್ಲೇ ಇನ್ನೊಂದು ಕಥೆ ಕಟ್ಟಿಬಿಡುತ್ತದೆ. ಅದು ಎಂಥ ನಾಲಿಗೆ ಎಂಬುದು ನನಗೆ ಗೊತ್ತು — ಥೂ, ಅದನ್ನು ಹೊತ್ತುಕೊಂಡೇ ಇಷ್ಟು ವರ್ಷ ಉಂಡಿದ್ದೇನೆ.

ನಿಂಗರಾಜು ನನ್ನ ಪಿಕಪ್ಪಿಗೆ ಲೋಡು ಹಾಕುವ ಕೆಲಸಕ್ಕೆ ಬರುತ್ತಿದ್ದದ್ದು ನಿಮಗೆ ಗೊತ್ತೇ ಇದೆ. ಒಮ್ಮೆ ಅವನ ಕುಡಿತಕ್ಕೆ ಬೇಸತ್ತು ನೀವು ಮಗಳನ್ನು ಎತ್ತಿಕೊಂಡು ಶೀಳನೆರೆಗೆ, ತವರಿಗೆ ಹೋಗಿದ್ದಿರಿ. ಅವನು ಅಲ್ಲಿಗೇ ಬಂದು, ಮಗುವಿನ ತಲೆ ಮುಟ್ಟಿ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿ ನಿಮ್ಮನ್ನು ಕರೆತಂದ. ಆ ಮೇಲಿನ ಅವನನ್ನು ನಾನು ದಿನಾ ನೋಡಿದ್ದೇನೆ. ಲೋಡು ಮುಗಿದು ನಾವೆಲ್ಲ ಬಾಟಲಿ ಬಿಚ್ಚಿದರೆ ಅವನು ದೂರ ಹೋಗಿ ಮಜ್ಜಿಗೆ ಕುಡಿಯುತ್ತಿದ್ದ. ನಾವು ಆಡಿಕೊಳ್ಳುತ್ತಿದ್ದೆವು. ನಾನಂತೂ ಸ್ವಲ್ಪ ಜಾಸ್ತಿಯೇ ಆಡಿಕೊಳ್ಳುತ್ತಿದ್ದೆ. ಅವನ ಗಟ್ಟಿತನ ಕಂಡರೆ ನನಗೆ ಮೈ ಉರಿಯುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಇರಬಹುದು — ಅದು ಕೂಡ ಇರಬಹುದು.

ಆ ದಿನ ಪಾಂಡವಪುರದ ಕಡೆಯ ಕಲ್ಲುಗಣಿಯಿಂದ ಬಿಂಡಿಗನವಿಲೆಯ ಒಂದು ತೆಂಗಿನ ತೋಟಕ್ಕೆ ಬೇಲಿಯ ಕಲ್ಲುಕಂಬ ಸಾಗಿಸಬೇಕಿತ್ತು. ಪಿಕಪ್ಪಿನ ಹಿಂದೆ ಎರಡು ಚಕ್ರದ ಟ್ರೈಲರು ಕಟ್ಟಿದ್ದೆ. ಅಂಥ ಟ್ರೈಲರಿಗೆ ಭಾರವನ್ನು ಚಕ್ರದ ನೇರಕ್ಕೆ ಹಾಕಬೇಕು. ಮುಂದಕ್ಕೆ ಹಾಕಿದರೆ ಅಷ್ಟೂ ತೂಕ ಕೊಂಡಿಯ ಮೇಲೆ ಕೂತು, ಪಿಕಪ್ಪಿನ ಹಿಂಭಾಗ ಕುಸಿದು, ಮೂತಿ ಮೇಲೇಳುತ್ತದೆ. ಸ್ಟೇರಿಂಗು ಕೈಯಲ್ಲಿ ಹಗುರಾಗಿಬಿಡುತ್ತದೆ. ಲೋಡು ಹಾಕುವಾಗ ನಾನು ಮರದ ನೆರಳಲ್ಲಿ ಬಾಟಲಿ ಹಿಡಿದು ಕೂತಿದ್ದೆ, ನೋಡಲಿಲ್ಲ. ಕಂಬಗಳೆಲ್ಲ ಮುಂದಕ್ಕೆ ಬಿದ್ದಿದ್ದವು.

ನಾಗಮಂಗಲ ದಾಟಿದ ಮೇಲೆ ಏರು ಶುರುವಾಗುವ ಕಡೆ ಗಾಡಿ ಅತ್ತಿತ್ತ ಓಲಾಡತೊಡಗಿತು. ನಿಲ್ಲಿಸಿದೆ. ನಿಂಗರಾಜು ಇಳಿದು ನೋಡಿ ಬಂದು ಹೇಳಿದ:

"ಅಣ್ಣ, ಮುಂದ್ಲು ಚಕ್ರ ನೆಲ ಕಚ್ತಾ ಇಲ್ಲ. ಕಂಬ ಒಂದಷ್ಟು ಹಿಂದುಕ್ಕೆ ಸರುಸ್ಬುಡುವ."

"ಯಾವನ್ಲಾ ಈ ಬಿಸಿಲಲ್ಲಿ ಸರುಸೋನು? ಬಾನೆಟ್ ಮ್ಯಾಲೆ ಹತ್ತಿ ಕೂತ್ಕಳ್ಲಾ. ಮೂತಿ ತಾನಾಗೆ ಬಗ್ತದೆ."

ನಮ್ಮ ಕಡೆ ಇದು ಹೊಸದಲ್ಲ. ಮೂತಿ ಎತ್ತಿದ ಗಾಡಿಗೆ ಆಳನ್ನು ಮುಂದೆ ಕೂರಿಸಿ ಏರು ಹತ್ತಿಸುವುದು, ಮೇಲೆ ಹೋದ ಮೇಲೆ ಇಳಿಸುವುದು. ಟ್ರಾಕ್ಟರಿನವರೂ ಮಾಡುತ್ತಾರೆ, ಪಿಕಪ್ಪಿನವರೂ ಮಾಡುತ್ತಾರೆ. ಕಲ್ಲಿನ ಬದಲು ಮನುಷ್ಯ. ಕಲ್ಲಾದರೆ ಎತ್ತಿಡಬೇಕು, ಮನುಷ್ಯನಾದರೆ ಹತ್ತು ಎಂದರೆ ಸಾಕು, ತಾನೇ ಹತ್ತುತ್ತಾನೆ. ಎಲ್ಲರೂ ಮಾಡುತ್ತಾರೆ ಎಂದು ಇಲ್ಲಿ ಹೇಳಿದ್ದು ತಪ್ಪಿಸಿಕೊಳ್ಳಲಿಕ್ಕಲ್ಲ, ಜಯಮ್ಮ. ಅಥವಾ ಅದಕ್ಕೇ ಇರಬೇಕು. ಹೊಡೆದುಹಾಕಿ ಆ ಮಾತನ್ನು.

"ಏರು ಹತ್ತಿದ್ ಮ್ಯಾಕೆ ನಿಲ್ಸಣ್ಣ, ಇಳ್ಕತೀನಿ" ಎಂದ. ಊಂ ಎಂದೆ.

ನಿಲ್ಲಿಸಲಿಲ್ಲ. ಅಷ್ಟು ಭಾರದ ಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ರಗಳೆ ಎನ್ನಿಸಿತು. ಇಳಿಜಾರು ಶುರುವಾಯಿತು. ಅವನು ಎರಡೂ ಕೈಯಲ್ಲಿ ವೈಪರು, ಗಾಜಿನ ಅಂಚು ಏನು ಸಿಕ್ಕಿತೋ ಅದನ್ನು ಹಿಡಿದು, ಕತ್ತು ತಿರುಗಿಸಿ ಒಳಗೆ ನೋಡಿ ಏನೋ ಕೂಗಿದ. ಅವನ ಮುಖದಲ್ಲಿ ಹೆದರಿಕೆ ಇತ್ತು. ನನಗೆ ನಗು ಬಂತು. ಮಜ್ಜಿಗೆ ಕುಡಿಯುವ ಗಟ್ಟಿಗನನ್ನು ಸ್ವಲ್ಪ ಹೆದರಿಸೋಣ ಎಂದು — ತಮಾಷೆಗೆ — ಬ್ರೇಕನ್ನು ಒಮ್ಮೆ ಒತ್ತಿ ಬಿಟ್ಟೆ.

ಅಷ್ಟೇ. ಅವನು ಮುಂದಕ್ಕೆ ಜಾರಿದ. ಆಗ ನಿಜವಾಗಿ ಒತ್ತಿದೆ. ಆದರೆ ಹಿಂದಿನ ಕಲ್ಲಿನ ಟ್ರೈಲರು ಬ್ರೇಕಿಗೆ ಬಗ್ಗದೆ ಪಿಕಪ್ಪನ್ನು ತಳ್ಳಿಕೊಂಡು ಹೋಯಿತು. ಚಕ್ರ ಅವನ ಬಲಗಾಲಿನ ಮೇಲೆ ಹತ್ತಿ ನಿಂತಿತು.

ಇಳಿದು ಓಡಿದೆ. ಈಗ ಹೇಳುವುದನ್ನು ಯಾರ ಹತ್ತಿರವೂ ಹೇಳಿಲ್ಲ. ಆ ಕಾಲು ನೋಡಿದಾಗ ನನಗೆ ಮೊದಲು ಬಂದ ಯೋಚನೆ ಅವನ ಕಾಲಿನದಲ್ಲ. ನನ್ನ ಬಾಯಿ ವಾಸನೆಯದು. ಜನ ಬರುತ್ತಾರೆ, ಮೂಸುತ್ತಾರೆ, ಪೊಲೀಸರು ಬರುತ್ತಾರೆ. ಸೀಟಿನ ಹಿಂದೆ ಅರ್ಧ ಉಳಿದ ಬಾಟಲಿ ಇತ್ತು. ಎತ್ತಿಕೊಂಡು ಬಂದೆ. ಅವನ ತಲೆ ರಸ್ತೆಗೆ ಬಡಿದು ಅರೆಪ್ರಜ್ಞೆಯಲ್ಲಿದ್ದ. "ನೋವಿಗೆ ಕಣ್ಲಾ, ಕುಡಿ" ಎಂದೆ. ಆ ಸ್ಥಿತಿಯಲ್ಲೂ ಅವನು ಮುಖ ತಿರುಗಿಸಿದ, ಜಯಮ್ಮ. ಹಲ್ಲು ಕಚ್ಚಿಕೊಂಡ. ನಾನು ಅವನ ದವಡೆ ಹಿಡಿದು ಸುರಿದೆ. ಒಳಗೆ ಹೋದದ್ದು ಕಡಿಮೆ. ಗಲ್ಲ, ಕತ್ತು, ಅಂಗಿಯ ಮೇಲೆ ಹರಿಯಿತು. ನನಗೆ ಬೇಕಿದ್ದದ್ದೂ ಅದೇ.

ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ — ನಿಜವಾಗಿಯೂ ನೋವಿಗೇ ಕೊಟ್ಟೆ ಎಂದು. ಹಾಗಾದರೆ ಬಾಟಲಿಯನ್ನು ಪೊದೆಗೆ ಯಾಕೆ ಎಸೆದೆ?

ಜನ ಸೇರಿದರು. ಅವರಲ್ಲೊಬ್ಬ ಬಗ್ಗಿ ಮೂಸಿ, "ಥೂ, ಕಂಠಮಟ್ಟ ಕುಡ್ಕಂಡು ಗಾಡಿ ಮೂತಿ ಮ್ಯಾಲೆ ಕೂತವ್ನಲ್ಲ ಇವ್ನು" ಎಂದ. ನಾನು ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ನನ್ನ ವಾಸನೆ ಅವನ ವಾಸನೆಯೊಳಗೆ ಅಡಗಿಕೊಂಡಿತು.

ಆಸ್ಪತ್ರೆಗೆ ನೀವು ಓಡಿಬಂದಿರಿ. ಅವನ ಎದೆಯ ಮೇಲೆ ಬಗ್ಗಿದವರು ಹಾಗೇ ಹಿಂದೆ ಸರಿದು, ನನ್ನ ಕಡೆ ನೋಡಿದಿರಿ. ಇಲ್ಲ ಎನ್ನು ಎಂದು ಬೇಡುವ ಕಣ್ಣು ಅದು. ಆಗಲೇ ನಾನು ಆ ಮಾತು ಆಡಿದ್ದು. ನೀವು ಅಳಲಿಲ್ಲ. "ಮಗೀನ ತಲೆ ಮುಟ್ಟಿದ್ನಲ್ಲ" ಎಂದಿರಿ, ಅಷ್ಟೇ.

ಮಾರನೆಯ ದಿನ ಅವನಿಗೆ ಪೂರ್ತಿ ಎಚ್ಚರವಾಯಿತು. ತಲೆಗೆ ಬಿದ್ದ ಏಟಿಗೆ ಹಿಂದಿನ ದಿನವೇ ಅವನ ನೆನಪಿನಿಂದ ಅಳಿಸಿಹೋಗಿತ್ತು. ಕಲ್ಲು ಏರಿಸಿದ್ದು ಕೂಡ ನೆನಪಿಲ್ಲ. ನನ್ನ ಕೈ ಹಿಡಿದು ಕೇಳಿದ:

"ಅಣ್ಣ, ಎಲ್ರೂ ಅಂತಾವ್ರೆ... ನಾನ್ ಕುಡ್ದಿದ್ನಾ?"

"ಊಂ ಕಣ್ಲಾ," ಎಂದೆ. "ಸ್ವಲ್ಪ."

ಸ್ವಲ್ಪ. ಆ ಪದ ಸೇರಿಸಿದ್ದಕ್ಕೆ ಅವತ್ತು ನಾನು ಒಳ್ಳೆಯವನು ಎಂದುಕೊಂಡಿದ್ದೆ. ಕುಡಿಯದ ಒಬ್ಬ ಮನುಷ್ಯನಿಗೆ, ನೀನು ಕುಡಿದೆ, ಮಗಳ ತಲೆ ಮೇಲಿನ ಆಣೆ ಮುರಿದೆ ಎಂದು ನಂಬಿಸಿದೆ. ಅವನು ನಿಮ್ಮ ಹತ್ತಿರ ಒಂದು ಮಾತೂ ವಾದಿಸಲಿಲ್ಲವಲ್ಲ, ಯಾಕೆ ಎಂದು ಈಗ ಗೊತ್ತಾಯಿತೇ? ನಿಮ್ಮಂತೆ ಅವನೂ ನನ್ನನ್ನೇ ನಂಬಿದ್ದ.

ನೀವು ಮಗಳೊಡನೆ ಶೀಳನೆರೆಗೆ ಹೋದಿರಿ. ಮರುವರ್ಷ ಮಗುವಿಗೆ ಕಾಮಾಲೆ ಆಗಿ ಬದುಕಿದರೆ ಸಾಕು ಎನ್ನುವಂತಾಗಿತ್ತಲ್ಲ — ಅವನು ಬರಲಿಲ್ಲ ಎಂದು ನೀವು ಶಪಿಸಿರಬೇಕು. ಬಂದಿದ್ದ. ಶೀಳನೆರೆಯಲ್ಲಿ ಬಸ್ಸಿಳಿದು, ಬಸ್‌ಸ್ಟ್ಯಾಂಡಿನಲ್ಲೇ ಕೂತಿದ್ದು, ವಾಪಸ್ಸು ಹೋದ. ಆಣೆ ಮುರಿದದ್ದಕ್ಕೇ ಮಗುವಿಗೆ ಹಾಗಾಯಿತು, ತನ್ನ ನೆರಳು ಬಿದ್ದರೆ ಇನ್ನೇನಾಗುತ್ತದೋ ಎಂಬ ಹೆದರಿಕೆ. ಅದನ್ನು ನನ್ನ ಹತ್ತಿರವೇ ಹೇಳಿಕೊಂಡು ಅತ್ತ. ಅವನ ಬೆನ್ನು ಸವರಿದೆ. ಈ ಕೈಯಿಂದಲೇ.

ಊರಿನಲ್ಲಿ ನನಗೆ ಒಳ್ಳೆಯ ಹೆಸರು. ಕುಡುಕನ ಆಸ್ಪತ್ರೆ ಖರ್ಚು ನೋಡಿಕೊಂಡ ಪುಣ್ಯಾತ್ಮ! ನಿಂಗರಾಜು ಪ್ರತಿ ವರ್ಷ ಸೊಗಡಿನ ಅವರೆಕಾಯಿ ಚೀಲ ತಂದು ನಮ್ಮ ಜಗಲಿಯ ಮೇಲಿಟ್ಟು, "ಅಣ್ಣ ಇಲ್ದಿದ್ರೆ ನಾನ್ ಉಳೀತಿರ್ನಿಲ್ಲ" ಎಂದು ನನ್ನ ಹೆಂಡತಿಗೆ ಹೇಳಿ, ಕುಂಟಿಕೊಂಡು ಹೋಗುತ್ತಿದ್ದ. ನಾನು ಮುದ್ದೆಯ ಜೊತೆ ಅದನ್ನು ಬಾಯಿ ಚಪ್ಪರಿಸಿ ಉಂಡಿದ್ದೇನೆ. ಗಂಟಲಲ್ಲಿ ಸಿಕ್ಕಲಿಲ್ಲ. ಸಿಕ್ಕಬೇಕಿತ್ತು.

ಈಚೆಗೆ ನಾಗಮಂಗಲದ ತೆಂಗಿನಕಾಯಿ ಮಂಡಿಗೆ ಲೋಡಿಗೆ ಹೋಗಿದ್ದೆ. ನಿಂಗರಾಜು ಅಲ್ಲೇ ಕೂತು ಕಾಯಿ ಆರಿಸುವ ಕೆಲಸ ಮಾಡುತ್ತಾನೆ. ಬೇರೆ ಯಾರದೋ ಗಾಡಿಯ ಮೂತಿ ಎತ್ತಿತ್ತು. ಒಬ್ಬ ಬಾನೆಟ್ಟು ಹತ್ತಲು ಹೋದಾಗ ಇನ್ನೊಬ್ಬ ಕೂಗಿದ: "ಲೇ, ನಿಂಗರಾಜನಂಗೆ ಕುಡ್ಕಂಡು ಕೂತ್ಕಬ್ಯಾಡ ಕಣ್ಲಾ!" ಎಲ್ಲರೂ ನಕ್ಕರು. ನಿಂಗರಾಜುವೂ ನಕ್ಕ. ಅವರೊಡನೆ ಸೇರಿ, ತನ್ನನ್ನು ನೋಡಿ ತಾನೇ, ತಲೆ ಅಲ್ಲಾಡಿಸುತ್ತ ನಕ್ಕ.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಂಡಿಯ ಹಿಂದಕ್ಕೆ ಅವನನ್ನು ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಬ್ರೇಕು, ಬಾಟಲಿ, ದವಡೆ — ಎಲ್ಲ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲೆಂದು ಕಾದೆ ಕೂಡ. ಅವನು ನನ್ನ ಬಾಯನ್ನೇ ನೋಡುತ್ತ ಕೇಳಿದ:

"ಅಂಗಾರೆ ಮಗೀನ ಮ್ಯಾಲಿನ ಆಣೆ ನಾನು ಮುರ್ದೇ ಇಲ್ವಾ?"

ಇಲ್ಲ ಎಂದೆ. ಮತ್ತೆ ಕೇಳಿದ. ಮತ್ತೆ ಇಲ್ಲ ಎಂದೆ. ಆಗ ನನ್ನ ಕಾಲ ಹತ್ತಿರ ಉಗಿದ.

ನಿಮ್ಮ ಕ್ಷಮೆ ಕೇಳುವುದಿಲ್ಲ, ಜಯಮ್ಮ. ಕೇಳುವ ಯೋಗ್ಯತೆ ಇಲ್ಲ, ನೀವು ಕೊಟ್ಟರೆ ಅದೂ ಇನ್ನೊಂದು ಕಳ್ಳತನವಾಗುತ್ತದೆ. ಬರುವ ಶುಕ್ರವಾರ ಶೀಳನೆರೆಗೆ ಬರುತ್ತೇನೆ. ಅಂಗಳದಲ್ಲೇ ನಿಲ್ಲುತ್ತೇನೆ. ಮಗಳನ್ನು ಹೊರಗೆ ಕರೆಯಿರಿ. ಅವಳಿಗೆ ನಾನೇ ಹೇಳಬೇಕು. ನನ್ನ ಜೊತೆ ಬಾ, ಪಿಕಪ್ಪಿನಲ್ಲಿ ಹೋಗೋಣ ಎಂದು ನಿಂಗರಾಜುವನ್ನು ಕರೆದೆ.

"ನಿನ್ ಗಾಡಿ ಹತ್ತಾಕಿಲ್ಲ," ಎಂದ. "ಬಸ್ಸಲ್ಲಿ ಬತ್ತೀನಿ. ನೀನು ಮೊದ್ಲು ಹೋಗಿ ಹೇಳು. ಜಯಮ್ಮ ನಂಬುದ್ರೆ, ನಾನ್ ಬಸ್ಟ್ಯಾಂಡಲ್ಲಿ ಕೂತಿರ್ತೀನಿ ಅಂತ ಹೇಳು."