ಹೊಳೆಹಕ್ಕಿಗೆ ಬಿಟ್ಟ ದಿಬ್ಬ

ಬೀಳಗಿ ತಾಲೂಕಿನ ಸಾತವ್ವನದು ಕೃಷ್ಣೆಯ ಒಡಲಿನ ಒಕ್ಕಲುತನ. ಬೇಸಿಗೆಯಲ್ಲಿ ನೀರು ಸರಿದು ಉಸುಕು ತೆರೆದಾಗ ಗುಣಿ ತೋಡಿ, ಗೊಬ್ಬರ ಹಾಕಿ, ಸೌತೆಬೀಜ ಊರುತ್ತಿದ್ದಳು. ಅದೇ ಉಸುಕಿನಲ್ಲಿ ಹಳದಿ ಕೊಕ್ಕಿನ ಹೊಳೆಹಕ್ಕಿಗಳು ಗೂಡು ಕಟ್ಟದೆ ಬರಿನೆಲದ ಮೇಲೇ ಮೊಟ್ಟೆ ಇಡುತ್ತಿದ್ದವು. ಮೊಟ್ಟೆ ಕಂಡಲ್ಲಿ ಅವಳು ಬಳ್ಳಿಯನ್ನು ಆಚೆ ತಿರುಗಿಸುತ್ತಿದ್ದಳು. ನರಿ ಕಾಯಿ ತಿನ್ನಲು ಬಂದರೆ, ಮೊಟ್ಟೆಗೇ ಬಂತೆಂದು ಹಕ್ಕಿಗಳು ಅದರ ತಲೆಯ ಮೇಲೆರಗಿ ಓಡಿಸುತ್ತಿದ್ದವು. ಹೀಗೆ ಇಬ್ಬರದೂ ನಡೆದಿತ್ತು.

ಆಲಮಟ್ಟಿಯ ಹಿನ್ನೀರು ಏರಿದಾಗ ಊರೂ ಮುಳುಗಿತು, ಉಸುಕೂ ಮುಳುಗಿತು. ಸಾತವ್ವನ ಮನೆತನ ಎತ್ತರದ ಪುನರ್ವಸತಿ ಕೇಂದ್ರಕ್ಕೆ ಬಂತು. ನೀರಿನಲ್ಲಿ ಹೊಸ ಮೀನು ಬೆಳೆದವು. ಉದ್ದಕಾಲಿನ ಗುಲಾಬಿ ಹಕ್ಕಿಗಳು ಬಂದಿಳಿದವು. ಅವನ್ನು ನೋಡಲು ಬಾಗಲಕೋಟೆಯಿಂದ ಜನ ಬರತೊಡಗಿದರು. ಸಾತವ್ವನೂ ನೋಡಿದಳು, ಚೆಂದ ಅಂದಳು. ಆದರೆ ಅವಳ ಹಕ್ಕಿಗಳು ಎಲ್ಲೂ ಕಾಣಲಿಲ್ಲ. ಬೀಳಗಿ ಪೇಟೆಯಲ್ಲಿ ಬೇರೆಯವರು ಬೆಳೆದ ಸೌತೆಕಾಯಿ ಕೊಂಡು ಮಾರುತ್ತಿದ್ದಳು. ತಾನು ಮಾತ್ರ ಒಂದನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆ ಹಿನ್ನೀರು ಬಹಳ ಕೆಳಗಿಳಿಯಿತು. ಕರಿ ಕೆಸರಿನ ನಡುವೆ ಹಳೆಯ ಊರಿನ ದಿಬ್ಬ ಎದ್ದಿತು. ಸೊಸೆ ಅಂಜನಾಳೊಂದಿಗೆ ಬೀಜದ ಬುಟ್ಟಿ ಹಿಡಿದು ಇಳಿದರೆ, ತಮ್ಮದೇ ಮನೆಯ ಅಡಿಪಾಯದ ಕಲ್ಲುಗಳ ನಡುವೆಯೂ ಹಿತ್ತಲಲ್ಲೂ ಹೊಳೆಹಕ್ಕಿಗಳು ಕಾವಿಗೆ ಕೂತಿದ್ದವು.

"ಅತ್ತಿ, ಇದು ತಿಪ್ಪಿ ಇದ್ದ ಜಾಗಾ. ಮಣ್ಣು ಭಾಳ ಛಲೋ ಐತಿ. ಇಲ್ಲೇ ಊರೂಣು," ಅಂದಳು ಅಂಜನಾ.

"ಊರಿದ್ರ ಇವು ಎಲ್ಲಿಗಿ ಹೋಗಬೇಕು?"

"ನಾವು ಹೋಗಲಿಲ್ಲೇನ್ರಿ? ಇವೂ ಹೋಗ್ತಾವ."

"ನಮಗ ಮ್ಯಾಲ ಜಾಗಾ ಕೊಟ್ರವ್ವ. ಇವಕ್ಕ ಯಾರು ಕೊಡತಾರ?"

ಬಿಸಿಲು ಸುಡುತ್ತಿತ್ತು. ಒಂದು ಹಕ್ಕಿ ನೀರಿಗೆ ಹೊಟ್ಟೆ ತಾಗಿಸಿ ಹಾರಿಬಂದು, ಒದ್ದೆ ಪುಕ್ಕದಿಂದಲೇ ಮೊಟ್ಟೆಗಳನ್ನು ತಂಪು ಮಾಡುತ್ತ ಕೂತಿತು. ಅದನ್ನು ಅಂಜನಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು, "ಕೆಳಗ ಊರೂಣು ನಡೀರಿ," ಅಂದಳು.

ಕೆಳಗಿನ ಬಿರುಕುಬಿಟ್ಟ ಜಿಗುಟು ಮಣ್ಣಿನಲ್ಲಿ ಬಳ್ಳಿ ಸೊರಗಿಯೇ ಹಬ್ಬಿತು. ಮೇಲುನಾಡಿನಲ್ಲಿ ಮಳೆ ಬೇಗ ಬಿದ್ದು ನೀರು ಏರಿದಾಗ ಅರ್ಧದಷ್ಟು ಕಾಯಿಗಳು ಬಳ್ಳಿಯಲ್ಲೇ ಮುಳುಗಿದವು. ದಿಬ್ಬದ ಮೇಲಿನ ಮರಿಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಹಾರಿದ್ದವು. ಹಾರಲಾರದ ಕೆಲವನ್ನು ನೀರು ಒಯ್ಯಿತು. ಸಾತವ್ವ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು, ಏನೂ ಮಾಡಲಾಗಲಿಲ್ಲ.

ಮರುವರ್ಷ ನೀರು ಅಷ್ಟು ಇಳಿಯಲಿಲ್ಲ. ಹಕ್ಕಿಗಳು ದೂರದ ಕಲ್ಲಿನ ನಡುಗಡ್ಡೆ ಹಿಡಿದವು. ಅತ್ತೆ-ಸೊಸೆ ನೀರಿನ ಅಂಚಿಗೆ ಸಿಕ್ಕಷ್ಟು ನೆಲದಲ್ಲಿ ಬೀಜ ಊರಿದರು.

"ಮೊದಲೆಲ್ಲ ಹಂಗಾಮು ನಮಗ ಗೊತ್ತಿರತಿತ್ತು," ಅಂದಳು ಸಾತವ್ವ. "ಈಗ ಪ್ರತಿ ವರ್ಷಾ ನೀರ ನೋಡಿ ಕಲೀಬೇಕಾಗೇತಿ. ಅವಕ್ಕೂ ಅಷ್ಟ, ನಮಗೂ ಅಷ್ಟ."