ಕಪಾಟಿನಿಂದ ಹೊರಗೇ ಬಾರದ ಕ್ಯಾಮೆರಾ

ನಾನು ಸೀರೆಗಳ ಫೋಟೊ ತೆಗೆಯುವವಳು. ಬೆಟಗೇರಿಯ ನೇಕಾರರು ತಂದುಕೊಟ್ಟ ಸೀರೆಗಳನ್ನು ನಮ್ಮ ಪಡಸಾಲೆಯ ಬಿಳಿ ಗೋಡೆಗೆ ಇಳಿಬಿಟ್ಟು ಫೋಟೊ ತೆಗೆದು ಕೊಡುತ್ತೇನೆ. ಅವರು ಅದನ್ನು ಫೋನಿಗೆ ಹಾಕಿ ಊರೂರಿಗೆ ಮಾರುತ್ತಾರೆ. ನನ್ನ ಹಳೆಯ ಕ್ಯಾಮೆರಾದಲ್ಲಿ ಸೆರಗಿನ ನೇಯ್ಗೆಯನ್ನು ದೊಡ್ಡದು ಮಾಡಿ ನೋಡಿದರೆ ಕಲಸಿದ ಹಿಟ್ಟಿನಂತೆ ಕಾಣುತ್ತಿತ್ತು. ಎಳೆ ಎಳೆಯೂ ಕಾಣಬೇಕಾದರೆ ಮೀಡಿಯಂ ಫಾರ್ಮ್ಯಾಟ್ ಎಂಬ ದೊಡ್ಡ ಡಿಜಿಟಲ್ ಕ್ಯಾಮೆರಾ ಬೇಕು. ಹೊಸದರ ಬೆಲೆಯ ಮಾತೇ ಬೇಡ. ಲಕ್ಷ್ಮೇಶ್ವರದ ಹಿರಿಯ ಫೋಟೊಗ್ರಾಫರ್ ಒಬ್ಬರು ತಮ್ಮದನ್ನು ಎರಡು ಲೆನ್ಸುಗಳ ಸಮೇತ ಮಾರುತ್ತಾರೆ ಎಂದು ಗೊತ್ತಾಗಿ ಫೋನ್ ಮಾಡಿದೆ.

"ಕಪಾಟಿನ್ಯಾಗ ಇಟ್ಟಿದ್ದು ಇಟ್ಟಂಗ ಐತಿ ತಂಗಿ," ಎಂದರು ಅವರು. "ದಸರಾಕ್ಕೊಮ್ಮೆ ತಗದು ಪೂಜಾ ಮಾಡ್ತೀನಿ, ಮತ್ತ ಒಳಗಿಡ್ತೀನಿ. ಅಷ್ಟ."

ಫೋನಿನ ಸ್ಪೀಕರ್ ಹಾಕಿದ್ದೆ. ಬಾಜೂಕ್ಕೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ನಮ್ಮ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಖರೆ ಹೇಳಾವ ಇಷ್ಟು ಸಿಹಿ ಮಾತಾಡಂಗಿಲ್ಲ," ಎಂದರು. ಅತ್ತೆ ನಲವತ್ತು ವರ್ಷ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವರು. ಒಂದು ಕೊಡ ಕೊಳ್ಳಲು ಹೋದರೆ ಅಂಗಡಿಯ ಅಷ್ಟೂ ಕೊಡಗಳನ್ನು ಬಾರಿಸಿ ನೋಡುವವರು.

ಹಳೆಯ ಕ್ಯಾಮೆರಾ ಕೊಳ್ಳುವಾಗ ಶಟರ್ ಎಷ್ಟು ಸವೆದಿದೆ ಎಂದು ನೋಡಲೇಬೇಕು. ಒಂದು ಫೋಟೊ ತೆಗೆದರೆ ಅದು ಒಮ್ಮೆ ತೆರೆದು ಮುಚ್ಚುತ್ತದೆ. ತೆರೆದು ಮುಚ್ಚಿ ಒಂದು ದಿನ ಕೈಕೊಡುತ್ತದೆ. ಆ ಮಾದರಿಯ ಕ್ಯಾಮೆರಾದಲ್ಲಿ ಶಟರ್ ಇರುವುದು ಲೆನ್ಸಿನೊಳಗೆ. ಎಷ್ಟು ಫೋಟೊ ತೆಗೆದದ್ದೆಂದು ಕ್ಯಾಮೆರಾ ತನ್ನ ಲೆಕ್ಕ ತಾನಿಟ್ಟರೆ, ಪ್ರತಿ ಲೆನ್ಸೂ ತನ್ನದೇ ಲೆಕ್ಕ ಬೇರೆ ಇಡುತ್ತದೆ. ವಾರವಿಡೀ ಓದಿ ಕಲಿತ ಇದನ್ನೆಲ್ಲ ಅತ್ತೆಗೆ ಹೇಳಿದೆ.

"ಅಲ್ಲಿ ಹೋಗಿ ನೀ ಏನೂ ಗೊತ್ತಿಲ್ಲದಾಕಿ ಹಂಗ ಕುಂಡ್ರು," ಎಂದರು ಅವರು. "ಗೊತ್ತೈತಿ ಅಂದ್ರ ಅಂವ ಹುಷಾರ ಆಗ್ತಾನ. ಬಾಯಿ ಬಿಡಿಸೂದು ನನಗ ಬಿಡು."

ಹೀಗೆ ಅತ್ತೆ ಸೊಸೆ ಒಂದು ಮುಂಜಾನೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು. ನನ್ನ ಚೀಲದಲ್ಲಿ ಮಾವನವರ ಒಗೆದ ಬಿಳಿ ಪಂಚೆಯೊಂದಿತ್ತು.

ಅವರ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. "ಬರ್ರಿ ಬರ್ರಿ, ಕುಂಡ್ರಿ," ಎಂದು ಕುರ್ಚಿ ಒರೆಸಿ ಕೊಟ್ಟರು. ಒಳಗಿನಿಂದ ಅವರ ಹೆಂಡತಿ ಚುರುಮುರಿಯ ಗಿರಮಿಟ್ಟು ತಂದಿಟ್ಟು ಹೋದರು. ಮೇಜಿನ ಮೇಲೆ ಮಖಮಲ್ಲಿನ ಬಟ್ಟೆ ಹಾಸಿ, ಕ್ಯಾಮೆರಾಕ್ಕೆ ಕುಂಕುಮ ಹಚ್ಚಿ ಇಟ್ಟಿದ್ದರು. ನಾನು ಎರಡೂ ಕೈಯಲ್ಲಿ ಎತ್ತಿಕೊಂಡು, ಪೆದ್ದು ಮುಖ ಮಾಡಿಕೊಂಡು ಕೇಳಿದೆ:

"ಇದರಾಗ ರೀಲ್ ಎಲ್ಲಿ ಹಾಕೂದ್ರಿ ಅಣ್ಣಾರ?"

ಅವರು ಒಂದು ಕ್ಷಣ ನನ್ನನ್ನೇ ನೋಡಿ, ಬಹಳ ಸಮಾಧಾನದಿಂದ ರೀಲು ಇಲ್ಲದ ಕಾಲ ಬಂದಿರುವುದನ್ನು ವಿವರಿಸಿದರು. ಆಮೇಲೆ ತಾವಾಗಿಯೇ ಗುಂಡಿಗಳನ್ನು ಒತ್ತಿ ಪರದೆಯ ಮೇಲೆ ಕ್ಯಾಮೆರಾದ ಲೆಕ್ಕ ತೋರಿಸಿದರು. ನಾಲ್ಕು ಸಾವಿರ ಚಿಲ್ಲರೆ. ಇಂಥ ಕ್ಯಾಮೆರಾಕ್ಕೆ ಅದು ಕೂಸಿನ ವಯಸ್ಸು.

ಅತ್ತೆ ಆಗ ಗೋಡೆಯ ಮೇಲಿನ ಮದುಮಕ್ಕಳ ಫೋಟೊಗಳನ್ನು ಒಂದೊಂದಾಗಿ ನೋಡುತ್ತಿದ್ದರು. "ತಮ್ಮಾ, ನಮ್ಮ ಮೊಮ್ಮಗಂದು ಒಂದು ಮದುವಿ ಮಾಡೂದೈತಿ. ಚಲೋ ಫೋಟೊ ತಗಿಯಾವರು ಯಾರದಾರ ಈ ಕಡೆ?"

ಮೊಮ್ಮಗನೆಂದರೆ ನನ್ನ ಮಗ. ಅವನಿಗೆ ಆಗ ನಾಲ್ಕು ವರ್ಷ.

"ಯಾರದಾರ ಅಂದ್ರ?" ಅವರಿಗೆ ತಡೆಯಲಾಗಲಿಲ್ಲ. "ಶಿರಹಟ್ಟಿ, ಮುಂಡರಗಿ ಎರಡೂ ಕಡೆ ಹೋಗಿ ಕೇಳ್ರಿ, ನನ್ನ ಹೆಸರು ಹೇಳ್ತಾರ!" ಆಲ್ಬಮ್ಮುಗಳು ಒಂದರ ಹಿಂದೊಂದು ಇಳಿದವು. "ಇದ ನೋಡ್ರಿ, ಕೊರ್ಲಹಳ್ಳಿ ಹೊಳಿ ದಂಡಿ. ಬಿಸಿಲು ಸರಿ ಬೀಳೂ ತನಕ ಹುಡುಗ ಹುಡುಗೀನ ಹದಿನಾರು ಸಲ ನಡಿಸೀನಿ. ಒಂದೊಂದು ಸಲಕ್ಕ ಇಪ್ಪತ್ತಿಪ್ಪತ್ತು ಹೊಡತ."

"ಅಯ್ಯ, ಎಷ್ಟು ಚಂದ ಬಂದಾವ! ಇವೆಲ್ಲಾ ಯಾವ ಕ್ಯಾಮೆರಾದಾಗ?"

"ಎಲ್ಲಾ ಇದರಾಗ!" ಎಂದು ಅವರು ಹೆಮ್ಮೆಯಿಂದ ನನ್ನ ಕೈಯಲ್ಲಿದ್ದುದನ್ನು ತೋರಿಸಿದರು.

ಅತ್ತೆ ಗಿರಮಿಟ್ಟಿನ ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ಮತ್ತ ಅದು ಕಪಾಟಿನ್ಯಾಗ ಇತ್ತಂದ್ರಿ?"

ಒಳಗಿನಿಂದ ಅವರ ಹೆಂಡತಿ ನಕ್ಕುಬಿಟ್ಟರು. "ಕಪಾಟಿನ್ಯಾಗ ಇದ್ದಾಕಿ ನಾನ್ರಿ ಅಕ್ಕಾರ! ಅದು ನನಕಿಂತ ಹೆಚ್ಚು ಊರು ತಿರಗೇತಿ."

ಫೋಟೊಗ್ರಾಫರ್ ಕೆಮ್ಮಿದರು. ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅದೇ ಪೆದ್ದು ಮುಖದಲ್ಲಿ, "ಲೆನ್ಸಿನ ಲೆಕ್ಕಾನೂ ಹಿಂಗ ಕಾಣಸ್ತೈತೇನ್ರಿ?" ಎಂದೆ.

ಕಂಡಿತು. ಕ್ಯಾಮೆರಾಕ್ಕೆ ಸಿಕ್ಕಿಸಿದ್ದ ಉದ್ದನೆಯ ಲೆನ್ಸಿನ ಲೆಕ್ಕ ಒಂದು ಲಕ್ಷ ದಾಟಿತ್ತು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ, ಅವರು ಎಲ್ಲ ಹೇಳಿಬಿಟ್ಟರು. ಎರಡು ವರ್ಷದ ಹಿಂದೆ ಕ್ಯಾಮೆರಾ ಕೆಟ್ಟಿತ್ತು. ರಿಪೇರಿಗೆ ಮುಂಬೈಗೆ ಕಳಿಸಿದಾಗ ಒಳಗಿನ ಯಂತ್ರವನ್ನೇ ಹೊಸದು ಹಾಕಿದರು, ಲೆಕ್ಕ ಸೊನ್ನೆಯಿಂದ ಶುರುವಾಯಿತು. ಲೆನ್ಸಿಗೆ ಯಾರೂ ಕೈ ಹಚ್ಚಲಿಲ್ಲ. ರಿಪೇರಿಯ ಚೀಟಿಯನ್ನೂ ಅವರು ಹುಡುಕಿ ತೋರಿಸಿದರು. ಅಂದರೆ ಕ್ಯಾಮೆರಾ ನಿಜವಾಗಿಯೂ ಗಟ್ಟಿ, ಮುದಿಯಾಗಿದ್ದುದು ಆ ಲೆನ್ಸು ಮಾತ್ರ.

ನಾನು ಪಂಚೆ ತೆಗೆದು ಅಂಗಳದ ಗೋಡೆಗೆ ಬಿಗಿಯಾಗಿ ಕಟ್ಟಿದೆ. ಒಂದೇ ಬೆಳಕು, ಒಂದೇ ವೇಗ, ಸಾಲಾಗಿ ಇಪ್ಪತ್ತು ಫೋಟೊ. ಶಟರ್ ಸರಿಯಿದ್ದರೆ ಇಪ್ಪತ್ತೂ ಒಂದೇ ಬಿಳುಪಾಗಿ ಬರಬೇಕು. ಉದ್ದನೆಯ ಲೆನ್ಸಿನಲ್ಲಿ ಮೂರು ಫೋಟೊಗಳಲ್ಲಿ ಮಾವನವರ ಪಂಚೆ ವಾರದಿಂದ ಒಗೆಯದಂತೆ ಮಂಕಾಗಿ ಬಂತು. ಇನ್ನೊಂದು ಗಿಡ್ಡ ಲೆನ್ಸು ಹಾಕಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಒಂದೇ. ಅದರ ಲೆಕ್ಕವೂ ಎಂಟುನೂರರ ಆಚೀಚೆ ಇತ್ತು.

"ಇದನ್ನ್ಯಾಕ ಹಚ್ಚೇ ಇಲ್ರಿ?"

"ಅದರಾಗ ಹತ್ತರದಿಂದ ತಗದ್ರ ಹುಡುಗ್ಯಾರ ಮೂಗು ದೊಡ್ಡವು ಕಾಣತಾವ ತಂಗಿ. ಬೀಗರು ಜಗಳಾ ತಗೀತಾರ."

ಸೀರೆಗೆ ಮೂಗಿಲ್ಲ. ನನಗೆ ಬೇಕಾಗಿದ್ದುದು ಅದೇ ಲೆನ್ಸು. ನನ್ನ ಸಂತೋಷ ಮುಖದ ಮೇಲೆ ಕಾಣಿಸಿಕೊಂಡಿತೋ ಏನೋ, ಅವರು ಕೈಕಟ್ಟಿ ನಿಂತು ನಗತೊಡಗಿದರು.

"ರೀಲ್ ಎಲ್ಲಿ ಹಾಕೂದು ಅಂತ ಕೇಳಿದಾಗ ನಾನೂ ನಂಬಿದಂಗ ಮಾಡಿದೆ. ಆದ್ರ ಎತ್ತಿಕೊಳ್ಳೂಕಿಂತ ಮೊದಲ ನೀ ಪಟ್ಟಿ ಕೊರಳಿಗೆ ಹಾಕ್ಕೊಂಡಿ. ಗಾಜಿಗೆ ಒಂದ್ಸಲಾನೂ ಬೆರಳು ಹಚ್ಚಲಿಲ್ಲ. ಏನೂ ಗೊತ್ತಿಲ್ಲದಾವರು ಎಲ್ಲಕ್ಕಿಂತ ಮೊದಲ ಅದನ್ನ ಮುಟ್ಟತಾರ."

ನನ್ನ ಕಿವಿ ಬಿಸಿಯಾದವು. ಅಷ್ಟೊತ್ತೂ ಅವರು ನನ್ನ ನಾಟಕ ನೋಡುತ್ತಿದ್ದರು, ನಾನು ಅವರದನ್ನು.

"ಗೊತ್ತಿದ್ರೂ ಯಾಕ ಹೇಳಲಿಲ್ರಿ?"

"ಲೆನ್ಸಿನ ಲೆಕ್ಕ ಕೇಳ್ತೀಯೋ ಇಲ್ಲೋ ನೋಡೂಣು ಅಂತ. ನಿನಕಿಂತ ಮೊದಲು ಬಂದಾವ್ರು ಯಾರೂ ಕೇಳಿಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿ ಬಹಳ ಗಂಭೀರವಾಗಿ, "ಮೊಮ್ಮಗಾ ಏನ್ ಮಾಡಿಕೊಂಡಿದ್ದಾನ್ರಿ ಅಕ್ಕಾರ?" ಎಂದರು.

ಅತ್ತೆ ಸ್ವಲ್ಪವೂ ಅಳುಕಲಿಲ್ಲ. "ಅಂಗನವಾಡಿಗೆ ಹೊಕ್ಕಾನ. ಮಧ್ಯಾಹ್ನ ಮಲಗತಾನ. ದುಶ್ಚಟ ಏನೂ ಇಲ್ಲ."

ಎಲ್ಲರೂ ನಕ್ಕ ಮೇಲೆ ವ್ಯಾಪಾರ ಜಲ್ದಿ ಮುಗಿಯಿತು. ಕ್ಯಾಮೆರಾ ಮತ್ತು ಗಿಡ್ಡ ಲೆನ್ಸು ನನಗೆ. ಉದ್ದನೆಯದನ್ನು ಅವರು ತಾವೇ ಇಟ್ಟುಕೊಂಡರು. ಬೆಲೆಯನ್ನು ಇನ್ನೂ ಇಳಿಸಲು ಅತ್ತೆ ಹೊರಟಿದ್ದರು, ಆದರೆ ಅವರ ಹೆಂಡತಿ ಎರಡನೇ ಸಲ ಗಿರಮಿಟ್ಟು ತಂದಿಟ್ಟಾಗ ಸುಮ್ಮನಾದರು.

ಕ್ಯಾಮೆರಾ ಇವತ್ತಿಗೂ ಒಮ್ಮೆಯೂ ಕೈಕೊಟ್ಟಿಲ್ಲ. ತೊಂದರೆ ಬಂದದ್ದು ಬೇರೆ ಕಡೆಯಿಂದ. ಮೊದಲ ಸೀರೆಯ ಫೋಟೊ ನೋಡಿದ ನೇಕಾರ ಮರುದಿನವೇ ಬಾಗಿಲಿಗೆ ಬಂದು ನಿಂತ.

"ಏನಕ್ಕಾ ಇದು! ಸೆರಗಿನ್ಯಾಗ ಒಂದು ಎಳಿ ತಪ್ಪೇತಿ ಅಂತ ಪುಣೇದಾಕಿ ಸೀರಿ ಬ್ಯಾಡ ಅಂತಾಳ. ನೇಯ್ದ ನನಗ ಕಂಡಿರಲಿಲ್ಲ. ನಿನ್ನ ಹಳೇ ಕ್ಯಾಮೆರಾ ಚಲೋ ಇತ್ತು, ಅದರಾಗ ತಗದುಕೊಡು."

ಅತ್ತೆ ಅವನ ಸೀರೆ ತರಿಸಿ, ಬೆಳಕಿಗೆ ಹಿಡಿದು, ಆ ಎಳೆಯನ್ನು ಬೆರಳಲ್ಲೇ ಹುಡುಕಿ ತೋರಿಸಿದರು. ಆಮೇಲೆ ಅವನಿಗೆ ಅರ್ಧ ತಾಸು ಬುದ್ಧಿ ಹೇಳಿದರು. ಈಗ ಬೆಟಗೇರಿಯ ಕೆಲವರು ನನ್ನ ಹತ್ತಿರ ಸೀರೆ ತರುವ ಮೊದಲು, ಹಿಂದಿನ ಬಾಗಿಲಿನಿಂದ ಬಂದು ಅತ್ತೆಗೆ ತೋರಿಸಿಕೊಂಡು ಹೋಗುತ್ತಾರೆ.