ಒಂಟಿಗಾಜಿನ ಲಾರ್ಡು

ನನ್ನ ಗಂಡ ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಐವತ್ತರ ದಶಕದ ಒಂದು ವರ್ಷ ಸ್ಕೂಲ್ ಡೇಗೆಂದು ಇಂಗ್ಲಿಷ್ ನಾಟಕ ಆಡಿಸಿದರು. ಲಾರ್ಡಿನ ಪಾತ್ರ ತಾವೇ ಹಾಕಿದರು. ಇಂಗ್ಲಿಷರ ಕತೆಗಳಲ್ಲಿ ಇಂಥವನೊಬ್ಬ ಬಂದೇ ಬರುತ್ತಾನಂತೆ. ಅರಮನೆಯಂಥ ಮನೆ, ಲಾಯದ ತುಂಬ ಕುದುರೆ, ತಲೆಯಲ್ಲಿ ಮಾತ್ರ ಏನೂ ಇಲ್ಲ. ಒಂದೇ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಬೂಟಿನ ದಾರ ಕಟ್ಟುವುದಕ್ಕೂ ಆಳನ್ನು ಕರೆಯುವ ಪೆದ್ದ. ಮನೆಯಲ್ಲಿ ಅವರು ಅಭ್ಯಾಸ ಮಾಡುವಾಗ ನಾನೂ ಅತ್ತೆಯೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಹತ್ತಿರದ ಹಂಗಳ ಎಂಬ ಹಳ್ಳಿಯಲ್ಲಿ ಹೊಲ ಗೇಯ್ದು ಮಗನನ್ನು ಓದಿಸಿದ ಅತ್ತೆ, "ಈ ದೊರೆಗೆ ಮುದ್ದೆ ನುಂಗಕ್ಕೂ ಒಬ್ಬ ಆಳು ಬೇಕೇನ್ಲಾ ಮಗಾ?" ಎಂದು ಕಣ್ಣೊರೆಸಿಕೊಂಡಿದ್ದರು.

ನಾಟಕ ಮುಗಿಯಿತು. ಲಾರ್ಡು ಮಾತ್ರ ಹೋಗಲಿಲ್ಲ.

ಮೊದಲು ತಮಾಷೆ ಎಂದುಕೊಂಡೆ. ಬೆಳಿಗ್ಗೆ ಎದ್ದವರೇ ಗಾಜು ಸಿಕ್ಕಿಸಿಕೊಂಡು, ಒಂದು ಮೊಳೆಯೂ ಇಲ್ಲದ ಗೋಡೆಯ ಮುಂದೆ ನಿಂತು, ಸಾಲಾಗಿ ಪಟಗಳಿದ್ದ ಹಾಗೆ ಒಂದೊಂದಕ್ಕೂ ತಲೆ ಬಾಗಿಸಿದರು. ಕಾಫಿ ಕೊಟ್ಟೆ. "ಥ್ಯಾಂಕ್ಯೂ" ಎಂದದ್ದು ನನಗಲ್ಲ, ನನ್ನ ಬೆನ್ನ ಹಿಂದೆ ನೋಡಿ. ತಿರುಗಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ.

ಬೇಸಗೆ ರಜ ಬಂದಿತ್ತು, ವಿಚಾರಿಸುವವರೂ ಇರಲಿಲ್ಲ. ಅತ್ತೆ "ಮಗಾ" ಎಂದು ಕೈ ಹಿಡಿದರೆ ಗುರುತಿಲ್ಲದವರನ್ನು ನೋಡುವಂತೆ ನೋಡಿ, ನಯವಾಗಿ ಬಿಡಿಸಿಕೊಳ್ಳುತ್ತಿದ್ದರು. ನಾನು "ರೀ" ಎಂದರೆ "ಯೆಸ್?" ಎನ್ನುತ್ತಿದ್ದರು. ಆ ದನಿ ಅವರದಲ್ಲ. ಮೂಗಿನಿಂದ ಬರುವ ತಣ್ಣನೆಯ ದನಿ. ಗಾಜಿನ ಹಿಂದಿನ ಕಣ್ಣು ರೆಪ್ಪೆ ಬಡಿದದ್ದನ್ನು ನಾನು ಕಾಣಲೇ ಇಲ್ಲ. ಅತ್ತೆ ದೃಷ್ಟಿ ತೆಗೆದರು. ಚಾಮರಾಜನಗರದ ಡಾಕ್ಟರಿಗೆ ತೋರಿಸಿದೆವು. ಲಾರ್ಡು ಅವರ ಕೈ ಕುಲುಕಿ ಬಂತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಣ್ಣೆದುರೇ ಇರುವ ಗಂಡನನ್ನು ಕಳೆದುಕೊಂಡೆನಲ್ಲ ಎಂದು ಒಲೆಯ ಮುಂದೆ ಕೂತು ಅಳುತ್ತಿದ್ದೆ.

ಒಂದು ಸಂಜೆ ಅತ್ತೆಯೇ ಬಂದು ಪಕ್ಕದಲ್ಲಿ ಕೂತರು.

"ರೀ ಅಂದ್ರೆ ಯಾರ್ ಬೇಕಾದ್ರೂ ಓಗೊಡ್ತರೆ ಕಣಮ್ಮಿ. ನೀನು ಎಸ್ರಿಡ್ದು ಕೂಗ್ಬುಡು."

ಗಂಡನ ಹೆಸರು ಬಾಯಲ್ಲಿ ಹೇಳುವುದುಂಟೆ? "ನೀವೇ ಕೂಗಿ ಅತ್ತೆ" ಎಂದೆ.

"ಅದು ನಮ್ ಮಾವನ್ ಎಸ್ರು. ಅವ್ನು ಉಟ್ದಾಗ್ಲಿಂದ ನಾನೂ ಮಗಾ ಅಂತ್ಲೇ ಕರ್ದಿವ್ನಿ."

ಆಗ ನನಗೆ ಹೊಳೆಯಿತು. ಸ್ಕೂಲಿನಲ್ಲಿ ಮೇಷ್ಟ್ರು, ತಾಯಿಗೆ ಮಗ, ನನಗೆ ರೀ. ಈ ಮನೆಯಲ್ಲಿ ಅವರ ಹೆಸರನ್ನು ಅವರಿಗೆ ಕೇಳುವಂತೆ ಯಾರೂ ಕೂಗಿಯೇ ಇರಲಿಲ್ಲ. ಅವರು ಕೂತಿದ್ದ ಪಡಸಾಲೆಗೆ ಹೋಗಿ, ಸೆರಗು ಬಿಗಿಹಿಡಿದು ಹೆಸರು ಕೂಗಿದೆ.

ಗಾಜು ಕಣ್ಣಿನಿಂದ ಜಾರಿ ಮಡಿಲಿಗೆ ಬಿತ್ತು. "ಯಾಕಮ್ಮಿ, ಎಸ್ರಿಡ್ದು ಕೂಗ್ತಿದ್ದೀಯೆ?" ಎಂದರು, ತಮ್ಮದೇ ದನಿಯಲ್ಲಿ. ಅತ್ತೆ ಮಗನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಆ ಗಾಜನ್ನು ನಾನು ಕಲ್ಲಿನಿಂದ ಜಜ್ಜಿ ತಿಪ್ಪೆಗೆ ಹಾಕಿದೆ.

ಅಲ್ಲಿಂದ ಮುಂದೆ ಹೆಸರು ಹಿಡಿದೇ ಕರೆದೆ. ಬೀದಿಯವರು ಬಜಾರಿ ಎಂದರು. ಅನ್ನಲಿ ಬಿಡಿ, ಗಂಡ ನನ್ನವರು. ಒಂದು ಮಧ್ಯಾಹ್ನ ಮಾತ್ರ, ತವರಿನ ನೆಂಟರು ಊಟಕ್ಕೆ ಕೂತಿದ್ದಾಗ ನಾಚಿಕೆಯಾಗಿ, "ರೀ, ಇನ್ನೊಂಚೂರು ಅನ್ನ?" ಎಂದುಬಿಟ್ಟೆ. ಅವರು ನನ್ನೆದುರೇ ಎಲೆಯ ಮುಂದಿದ್ದರು. ಬಾಯಲ್ಲಿ ತುತ್ತಿತ್ತು.

"ಯೆಸ್?" ಎಂದು ಓಗೊಟ್ಟದ್ದು ಒಳಕೋಣೆಯಿಂದ.